ಕಾಪ್ಪಿರಿಗೆ ಸುಡುವುದಿಲ್ಲ

ಕೊಚ್ಚಿ ಬಂದರಿನಲ್ಲಿ ಆಗ ಕೆಲಸ ಕೊಡುತ್ತಿರಲಿಲ್ಲ, ಎಸೆಯುತ್ತಿದ್ದರು.

ಬೆಳಿಗ್ಗೆ ಗೇಟಿನ ಹೊರಗೆ ನಾವು ನೂರಾರು ಜನ ನಿಲ್ಲುತ್ತಿದ್ದೆವು. ಮೂಪ್ಪ ಬರುತ್ತಿದ್ದ. ಮೂಪ್ಪ ಎಂದರೆ ಹಡಗಿನ ಸರಕು ಇಳಿಸಲು ಆಳು ಹಿಡಿಯುವ ಮೇಸ್ತ್ರಿ. ಬಿಳಿ ಮುಂಡು, ಬಾಯಿ ತುಂಬ ಎಲೆಅಡಿಕೆ, ಕೈಯಲ್ಲೊಂದು ಚೀಲ. ಚೀಲದೊಳಗೆ ತಾಮ್ರದ ಬಿಲ್ಲೆಗಳು. ಅವಕ್ಕೆ ಚಾಪ್ಪ ಎನ್ನುತ್ತಿದ್ದರು. ಚಾಪ್ಪ ಸಿಕ್ಕಿದವನಿಗೆ ಆ ದಿನ ಕೆಲಸ, ಗಂಜಿ. ಸಿಗದವನಿಗೆ ಎರಡೂ ಇಲ್ಲ. ಒಬ್ಬೊಬ್ಬರನ್ನು ಕರೆದು ಕೈಗೆ ಕೊಟ್ಟಿದ್ದರೆ ಮೂಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಅವನು ಕಟ್ಟೆಯ ಮೇಲೆ ನಿಂತು ಹಿಡಿ ಹಿಡಿಯಾಗಿ ನಮ್ಮ ತಲೆಯ ಮೇಲೆ ಎಸೆಯುತ್ತಿದ್ದ, ಕೋಳಿಗೆ ಕಾಳು ಎಸೆದ ಹಾಗೆ. ನಾವು ಬೀಳುತ್ತಿದ್ದೆವು. ಒಬ್ಬನ ಮೇಲೊಬ್ಬ, ಒಬ್ಬನ ಕುತ್ತಿಗೆಯ ಮೇಲೆ ಇನ್ನೊಬ್ಬನ ಮಂಡಿ. ಕಚ್ಚುತ್ತಿದ್ದೆವು. ಕಣ್ಣಿಗೆ ಬೆರಳು ಹಾಕುತ್ತಿದ್ದೆವು. ಮೂಪ್ಪ ನಗುತ್ತಿದ್ದ. ಬಂದರಿಗೆ ಬಂದ ಅಧಿಕಾರಿಗಳು ಕೂಡ ಒಂದು ಗಳಿಗೆ ನಿಂತು ನೋಡಿ ಹೋಗುತ್ತಿದ್ದರು.

ಆ ರಾಶಿಯ ಅಡಿಯಲ್ಲಿ ದಿನಾ ನಾನಿರುತ್ತಿದ್ದೆ.

ನನ್ನ ಹೆಸರು ಇನಾಸ. ಹಳಿಯಾಳದ ಕಾಡಿನವನು. ಸಿದ್ದಿ. ಮೈ ಕಡುಗಪ್ಪು, ಕೂದಲು ಗುಂಗುರು, ತುಟಿ ದಪ್ಪ. ಯಾವುದೋ ಕಾಲದಲ್ಲಿ ಪೋರ್ಚುಗೀಸರು ನನ್ನ ಹಿರಿಯರನ್ನು ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದು ಗೋವೆಯಲ್ಲಿ ಮಾರಿದರಂತೆ. ಅವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರಂತೆ. ನನಗೆ ಆಫ್ರಿಕ ಗೊತ್ತಿಲ್ಲ. ಗೊತ್ತಿರುವುದು ಕನ್ನಡ, ಸ್ವಲ್ಪ ಕೊಂಕಣಿ, ಮತ್ತು ಮರ ಕಡಿಯುವುದು. ಮರದ ಲಾರಿ ಹತ್ತಿ ಮಂಗಳೂರಿಗೆ ಬಂದೆ. ಅಲ್ಲಿ ಹೊಟ್ಟೆ ತುಂಬಲಿಲ್ಲ. ಅರವತ್ತೊಂದರಲ್ಲಿ ಕೊಚ್ಚಿಗೆ ಬಂದೆ.

ಕೊಚ್ಚಿಯಲ್ಲಿ ನನಗೆ ಹೆಸರು ಮೊದಲೇ ಕಾದಿತ್ತು. ಕಾಪ್ಪಿರಿ. ಹಿಂದೆ ನನ್ನಂತೆ ಕಪ್ಪಗಿದ್ದ ಗುಲಾಮರನ್ನು ಅಲ್ಲಿ ಹಾಗೆ ಕರೆಯುತ್ತಿದ್ದರು. ಬಂದರಿನ ಪಕ್ಕದ ಮಟ್ಟಾಂಚೇರಿಯಲ್ಲಿ ಒಂದು ಗೋಡೆ ಇದೆ. ಹಳೆಯ ಕಾಲದ ಪೋರ್ಚುಗೀಸ್ ಧಣಿಗಳು ಯುದ್ಧದಲ್ಲಿ ಸೋತು ಓಡಿಹೋಗುವಾಗ ತಮ್ಮ ಗುಲಾಮನನ್ನು ಕೊಂದು, ಚಿನ್ನದ ಜೊತೆ ಹೂತು, ಕಾವಲಿಗೆ ಬಿಟ್ಟು ಹೋದರು ಎಂದು ಜನ ಹೇಳುತ್ತಾರೆ. ಆ ಗೋಡೆಗೆ ಮೋಂಬತ್ತಿ ಹಚ್ಚುತ್ತಾರೆ. ಕಳ್ಳು ಇಡುತ್ತಾರೆ, ಚುಟ್ಟಾ ಇಡುತ್ತಾರೆ. ಸತ್ತ ಕಾಪ್ಪಿರಿಗೆ ಮೋಂಬತ್ತಿ. ಬದುಕಿದ ಕಾಪ್ಪಿರಿ ಅದೇ ಬೀದಿಯಲ್ಲಿ ನಡೆದರೆ ಮಕ್ಕಳು ಕಲ್ಲು ಹೊಡೆಯುತ್ತಿದ್ದವು. ತಾಯಂದಿರು ಬಾಗಿಲಲ್ಲಿ ನಿಂತು ಹಲ್ಲು ಬಿಡುತ್ತಿದ್ದರು.

ಆಮೇಲೆ ವಿಠಲ ಸಿಕ್ಕಿದ. ಕುಂಬಳೆ ಕಡೆಯವನು. ಗೇಟಿನ ಹತ್ತಿರ ಕನ್ನಡ ಕೇಳಿದ ಕೂಡಲೇ ನನ್ನ ಜೀವ ಹಗುರವಾಯಿತು. ಎಂಥ ಪೆದ್ದ ನಾನು.

ವಿಠಲನ ಅಪ್ಪ ಶೇಂದಿ ಇಳಿಸುವವನು. ಅವರ ಊರಿನ ದೇವಸ್ಥಾನದ ಅಂಗಳಕ್ಕೆ ಅವನ ಅಪ್ಪ ಕಾಲಿಟ್ಟವನಲ್ಲ. ಬ್ರಾಹ್ಮಣರು ಎದುರು ಬಂದರೆ ಗದ್ದೆಗೆ ಇಳಿದು ನಿಲ್ಲಬೇಕಿತ್ತಂತೆ. ಇದನ್ನು ವಿಠಲನೇ ಹೇಳಿದ್ದು. ಹೇಳುವಾಗ ಸಿಟ್ಟಿನಿಂದ ಅವನ ಕುತ್ತಿಗೆಯ ನರ ಉಬ್ಬುತ್ತಿತ್ತು. ಹೇಳಿ ಮುಗಿಸಿ ನನಗೆ ಗಂಜಿಯನ್ನು ಸೂರಿನ ಹೊರಗೆ, ಕರಟದಲ್ಲಿ ಹಾಕಿಸುತ್ತಿದ್ದ. ಹಾಕುವವಳು ಅವನ ಹೆಂಡತಿ ಸುಮಿತ್ರ. ಮೇಲಿನಿಂದ ಸುರಿಯುತ್ತಿದ್ದಳು. ಅರ್ಧ ನನ್ನ ಕೈಮೇಲೆ ಬೀಳುತ್ತಿತ್ತು. ಜೀವಮಾನವಿಡೀ ಎಲ್ಲರ ಕೆಳಗೆ ಇದ್ದವನಿಗೆ ಕೊನೆಗೊಬ್ಬ ತನಗಿಂತ ಕೆಳಗಿನವನು ಸಿಕ್ಕಿದ್ದ. ಅಂಥ ಭಾಗ್ಯವನ್ನು ಯಾರು ಬಿಡುತ್ತಾರೆ?

ಅವನ ಗುಂಪಿನಲ್ಲಿ ಐದು ಜನ ಕನ್ನಡದವರಿದ್ದರು. ಧಾರವಾಡದ ಕಡೆಯ ವೀರಭದ್ರ ಅವರಲ್ಲಿ ಒಬ್ಬ. ನಾನು ಸೇರಿದ ಮೇಲೆ ವಿಠಲ ಒಂದು ಉಪಾಯ ಮಾಡಿದ. ಚಾಪ್ಪ ಎಸೆದಾಗ ನಾನು ಮುಂದೆ ನುಗ್ಗಬೇಕು. ಅವರು ಹಿಂದಿನಿಂದ ನನ್ನನ್ನು ತಳ್ಳಬೇಕು. ನಾನು ನೆಲಕ್ಕೆ ಬಿದ್ದು, ಸಿಕ್ಕಿದಷ್ಟು ಬಿಲ್ಲೆಗಳನ್ನು ಬಾಯಿಗೆ ಹಾಕಿಕೊಂಡು, ಕಾಲುಗಳ ನಡುವೆ ತೆವಳಿ ಹೊರಗೆ ಬರಬೇಕು. ಕೈಯಲ್ಲಿ ಹಿಡಿದರೆ ಬೆರಳು ಮುರಿದು ಕಿತ್ತುಕೊಳ್ಳುತ್ತಿದ್ದರು. ಬಾಯಿ ಬಿಡಿಸುವುದು ಕಷ್ಟ. ಹೊರಗೆ ಬಂದ ಮೇಲೆ ಮೊದಲ ಚಾಪ್ಪ ವಿಠಲನಿಗೆ. ಆಮೇಲೆ ಉಳಿದವರಿಗೆ. ಎಲ್ಲರಿಗೂ ಆಗಿ ಮಿಕ್ಕರೆ ನನಗೆ. ಮಿಗದ ದಿನ ನಾನು ಗೋಡೆಗೆ ಒರಗಿ ರಕ್ತ ಉಗುಳುತ್ತಾ ಕೂರುತ್ತಿದ್ದೆ. ಅವರು ಒಳಗೆ ಹೋಗಿ ಮೂಟೆ ಹೊರುತ್ತಿದ್ದರು.

"ಇವಂಗೆ ನೋವಾಗುದಿಲ್ಲ ಮಾರಾಯ," ಎಂದು ವಿಠಲ ಚಹದ ಅಂಗಡಿಯಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದ. "ಇವರ ಚರ್ಮವೇ ಬೇರೆ. ಎಮ್ಮೆಯ ಚರ್ಮದ ಹಾಗೆ. ಹೊಡೆದರೂ ಇಲ್ಲ, ಸುಟ್ಟರೂ ಇಲ್ಲ."

ಚೇಷ್ಟೆಗೆ ಹೇಳಿದ್ದಲ್ಲ. ನಂಬಿ ಹೇಳಿದ್ದು. ಅಥವಾ ನಂಬಿದವನ ಹಾಗೆ ಹೇಳಿದ್ದು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೋದಾಮಿನ ನೆರಳಿನಲ್ಲಿ ಬೋರಲು ಮಲಗಿದ್ದೆ. ವೀರಭದ್ರ ಕೇಳಿದ, "ಸುಟ್ರೂ ಏನೂ ಆಗಂಗಿಲ್ಲೇನಲೇ? ಖರೇನ?" ವಿಠಲ ಬಾಯಲ್ಲಿದ್ದ ಬೀಡಿ ತೆಗೆದ. ನನ್ನ ಹೆಗಲಮೇಲೆ ಒಂದು ಕೈ ಊರಿ, ಬೀಡಿಯ ಕೆಂಡವನ್ನು ಬೆನ್ನಿಗೆ ಒತ್ತಿದ. ಮೆಲ್ಲಗೆ, ಆರುವ ತನಕ.

ನಾನು ಕೂಗಲಿಲ್ಲ. ಹಲ್ಲು ಕಚ್ಚಿ ಮಣ್ಣು ನೋಡುತ್ತಾ ಬಿದ್ದುಕೊಂಡಿದ್ದೆ. ಕೂಗಿದ್ದರೆ ಏನಾಗುತ್ತಿತ್ತು? ನೋವು ಇರುವವನನ್ನು ಯಾರು ಮುಂದೆ ತಳ್ಳುತ್ತಾರೆ? ಗುಂಪಿನಿಂದ ಹೊರಗೆ ಹಾಕುತ್ತಿದ್ದರು. ಕಾಪ್ಪಿರಿಯನ್ನು ಬೇರೆ ಯಾವ ಗುಂಪೂ ಸೇರಿಸುತ್ತಿರಲಿಲ್ಲ. ಹಸಿವಿಗೆ ಹೆದರಿ ನೋವನ್ನು ನುಂಗಿದೆ. ನಾನು ನುಂಗಿದ್ದೇ ಅವರಿಗೆ ಸಾಕ್ಷಿಯಾಯಿತು. "ನೋಡಿದಿರಾ?" ಎಂದ ವಿಠಲ. ಎಲ್ಲರೂ ತಲೆಯಾಡಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಎಡಗಡೆಯ ಪಕ್ಕೆಲುಬು ಮುರಿಯಿತು. ಹಡಗಿನ ಹೊಟ್ಟೆಯೊಳಗೆ ಕೆಲಸ ಮಾಡುವಾಗ ಸರಕು ಎತ್ತುವ ಹಗ್ಗದ ಜೋಲಿಯಿಂದ ಜಾರಿದ ಮೂಟೆ ಬಡಿದದ್ದು. ಉಸಿರೆಳೆದರೆ ಒಳಗೆ ಚಾಕು ತಿರುವಿದ ಹಾಗೆ. ಮರುದಿನ ಅಕ್ಕಿಯ ಹಡಗು ಬಂದಿತ್ತು. ಗೇಟಿನ ಎದುರು ಕಾಲಿಡಲು ಜಾಗವಿರಲಿಲ್ಲ.

"ವಿಠಲಣ್ಣ, ಇವತ್ತು ನನ್ನ ಕೈಲಿ ಆಗೂದಿಲ್ಲ. ಪಕ್ಕೆ ಮುರದದೆ," ಎಂದೆ.

ಅವನು ನನ್ನ ಮುಖ ನೋಡಿದ. ಎತ್ತು ಮಾತಾಡಿದರೆ ಹೇಗೆ ನೋಡುತ್ತಾರೋ ಹಾಗೆ.

"ನಿಂಗೆ ನೋವುಂಟಾ? ನಾಟಕ ಬೇಡ ಮಾರಾಯ. ನಡಿ."

ಮೂಪ್ಪನ ಕೈ ಮೇಲೆದ್ದಿತು. ಹಿಂದಿನಿಂದ ಐದು ಜನ ತಳ್ಳಿದರು. ನಾನು ಬಿದ್ದೆ. ಮಣ್ಣಿನಲ್ಲಿ ಬಿಲ್ಲೆಗಳು ಹೊಳೆಯುತ್ತಿದ್ದವು. ಒಂದು, ಎರಡು, ಸಿಕ್ಕಿದ್ದನ್ನು ಬಾಯಿಗೆ ತುಂಬಿದೆ. ಯಾರದೋ ಮಂಡಿ ತಲೆಯ ಮೇಲೆ. ಯಾರದೋ ಹಲ್ಲು ಕಿವಿಯಲ್ಲಿ. ತೆವಳಿದೆ. ಆಗ ಒಂದು ಹಿಮ್ಮಡಿ ಬಂದು ಮುರಿದ ಪಕ್ಕೆಯ ಮೇಲೇ ಕೂತಿತು. ತುಳಿದವನು ಮೈಭಾರ ಬಿಟ್ಟ.

ನಾನು ಕಿರುಚಿದೆ.

ಕಾಡಿನಲ್ಲಿ ಹಂದಿಗೆ ಈಟಿ ಹಾಕಿದಾಗ ಅದು ಕಿರುಚುವುದನ್ನು ಕೇಳಿದ್ದೇನೆ. ನನ್ನ ಬಾಯಿಂದ ಅಂಥದೇ ಬಂತು. ಬಿಲ್ಲೆಗಳೆಲ್ಲ ರಕ್ತದ ಜೊತೆ ಹೊರಗೆ ಬಿದ್ದವು. ಹತ್ತಾರು ಕೈಗಳು ಬಂದು ಬಾಚಿಕೊಂಡು ಹೋದವು.

ಆ ದಿನ ನಮ್ಮ ಗುಂಪಿನಲ್ಲಿ ಯಾರಿಗೂ ಕೆಲಸವಿಲ್ಲ. ಜನ ಚದುರಿದ ಮೇಲೆ ವಿಠಲ ಬಂದ. ಕೈಯಲ್ಲಿ ಮೂಟೆಗೆ ಹಾಕುವ ಕೊಕ್ಕೆ. ಅದರ ಮರದ ಹಿಡಿಯಿಂದ ನನ್ನ ಮುಖಕ್ಕೆ ಬಾರಿಸಿದ.

"ಬೇಕೂಂತ ಬಿಟ್ಟದ್ದು ನೀನು! ಕಳ್ಳ ಕರಿಯ! ಅನ್ನ ಹಾಕಿದವರ ಹೊಟ್ಟೆಗೆ ಹೊಡೀತೀಯಾ?"

ಇನ್ನೊಂದು ಏಟು ಕಿವಿಗೆ ಬಿತ್ತು, ಮತ್ತೊಂದು ಹೆಗಲಿಗೆ. ನಾಲ್ಕನೆಯದಕ್ಕೆ ಅವನು ಕೈಯೆತ್ತಿದಾಗ ನಾನು ಆ ಕೈ ಹಿಡಿದೆ.

ನಾನು ಮರ ಕಡಿದವನು. ನನ್ನ ಮುಷ್ಟಿ ಅವನ ಬಾಯಿಗೆ ಬಿದ್ದಾಗ ಹಲ್ಲು ಮುರಿದದ್ದು ನನ್ನ ಗೆಣ್ಣುಗಳಿಗೆ ಗೊತ್ತಾಯಿತು. ಮತ್ತೆ ಹೊಡೆದೆ. ಮೂಗು ಒಡೆಯಿತು. ಬಿದ್ದ. ಎದೆಯ ಮೇಲೆ ಕೂತು ಹೊಡೆದೆ. ಒಂದೊಂದು ಏಟಿಗೂ ನನ್ನ ಪಕ್ಕೆ ಕಿತ್ತು ಬರುತ್ತಿತ್ತು. ಆ ನೋವಿನ ಸಿಟ್ಟಿಗೆ ಇನ್ನೂ ಹೊಡೆದೆ. ವೀರಭದ್ರನೂ ಉಳಿದವರೂ ದೂರ ನಿಂತಿದ್ದರು. ಕೊಕ್ಕೆ ನನ್ನ ಕೈಗೆ ಬಂದಿತ್ತು. ಅದರ ಮೊನೆಯನ್ನು ವಿಠಲನ ಗಂಟಲಿಗೆ ಇಟ್ಟೆ. ಒತ್ತಿದರೆ ಆಯಿತು.

"ಇನಾಸಣ್ಣ," ಎಂದ ಅವನು, ರಕ್ತದ ನಡುವೆ. "ಇನಾಸಣ್ಣ, ಬಿಡು."

ಅಲ್ಲಿಯ ತನಕ ಅವನು ನನ್ನ ಹೆಸರು ಹಿಡಿದು ಕರೆದಿರಲಿಲ್ಲ. ಈಗ ಹೆಸರಿನ ಹಿಂದೆ ಅಣ್ಣನೂ ಬಂದಿದ್ದ. ನನಗೆ ಅಸಹ್ಯವಾಯಿತು. ಹೆದರಿಕೆಗೆ ಹುಟ್ಟಿದ ಅಣ್ಣ ಯಾರಿಗೆ ಬೇಕು? ಅವನ ಮುಖಕ್ಕೆ ಉಗಿದು ಎದ್ದೆ.

"ನಾಳೆಯಿಂದ ನಿಮ್ಮ ಚಾಪ್ಪ ನೀವೇ ಹೆಕ್ಕಿಕೊಳ್ಳಿ," ಎಂದೆ. "ನಾನು ಇನ್ನು ಯಾರ ಮುಂದೆಯೂ ಬೀಳೂದಿಲ್ಲ."

ಆಮೇಲಿನ ದಿನಗಳು ಹಸಿವಿನವು. ಮೀನು ಇಳಿಸುವ ಕಡೆ ಬುಟ್ಟಿ ಹೊತ್ತೆ, ಸತ್ತ ನಾಯಿಗಳನ್ನು ಎಳೆದು ಹಾಕಿದೆ, ಹಳೆ ಸಾಮಾನಿನ ಅಂಗಡಿಯ ಹಿಂದೆ ಮಲಗಿದೆ. ಒಂದು ಬೆಳಿಗ್ಗೆ ಬೀದಿಯ ನಲ್ಲಿಯ ಹತ್ತಿರ ಸುಮಿತ್ರ ಸಿಕ್ಕಿದಳು. ಕೊಡ ಕೆಳಗಿಟ್ಟು, ದೂರದಲ್ಲೇ ನಿಂತು ಕೇಳಿದಳು.

"ಹಲ್ಲು ಮುರಿದದ್ದಕ್ಕೆ ಇವರು ವಾರ ಇಡೀ ನರಳಿದರು. ಓಣಿಗೆಲ್ಲ ಕೇಳುವ ಹಾಗೆ. ನೀನು ನಮ್ಮ ಸೂರಿನ ಹತ್ತಿರ ಎಷ್ಟು ಸರ್ತಿ ರಕ್ತ ಸುರಿಸಿಕೊಂಡು ಬಂದಿದ್ದಿ. ಒಂದು ಸರ್ತಿಯೂ ನರಳಿದ್ದಿಲ್ಲ. ಎಂತಕ್ಕೆ?"

"ನರಳಿದ್ರೆ ನೀವು ಗಂಜಿ ಹಾಕ್ತಿದ್ರಾ ಅಕ್ಕ?"

ಅವಳು ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು. ಕೊಡ ತುಂಬಿ ಹರಿದರೂ ನಲ್ಲಿ ನಿಲ್ಲಿಸಲಿಲ್ಲ. ನಾನು ಹೊರಟು ಬಂದೆ. ಅವಳು ಆ ಮಾತನ್ನು ಗಂಡನಿಗೆ ಹೇಳಿದಳು ಎಂದು ಆಮೇಲೆ ಗೊತ್ತಾಯಿತು. ಹೇಳಿದ್ದಕ್ಕೆ ಅವನು ಅವಳಿಗೆ ಹೊಡೆದನಂತೆ. ಹೊಡೆದು, ಆ ದಿನ ಅನ್ನ ಮುಟ್ಟಲಿಲ್ಲವಂತೆ.

ನಾನಿಲ್ಲದ ಮೇಲೆ ಚಾಪ್ಪಕ್ಕಾಗಿ ಮುಂದೆ ಬೀಳುವ ಸರದಿ ವಿಠಲನಿಗೇ ಬಂತು. ಗುಂಪಿನ ಯಜಮಾನ ಅವನೇ ತಾನೆ? ಒಂದು ದಿನ ನಾನೂ ಗೇಟಿಗೆ ಹೋಗಿದ್ದೆ, ನನ್ನ ಒಂದು ಚಾಪ್ಪಕ್ಕಾಗಿ. ರಾಶಿಯ ಅಂಚಿನಲ್ಲಿ ಕಾದಾಡುತ್ತಿದ್ದಾಗ ಅವನನ್ನು ಕಂಡೆ. ನೆಲಕ್ಕೆ ಒತ್ತಿ ಹೋಗಿದ್ದ. ಬಲಗೈ ಚಾಚಿತ್ತು, ಮುಷ್ಟಿಯಲ್ಲಿ ಬಿಲ್ಲೆ. ಒಬ್ಬ ಕಬ್ಬಿಣದ ಲಾಳ ಹೊಡೆದ ಚಪ್ಪಲಿಯಲ್ಲಿ ಆ ಮುಷ್ಟಿಯನ್ನು ತುಳಿದ. ಬಿಡದಿದ್ದಾಗ ಹಾರಿ ಹಾರಿ ತುಳಿದ. ವಿಠಲ ನನ್ನನ್ನು ನೋಡಿದ. ನಾನೂ ಅವನನ್ನು ನೋಡಿದೆ. ಎರಡು ಹೆಜ್ಜೆ ಹಾಕಿದ್ದರೆ ಎಳೆದು ಹಾಕಬಹುದಿತ್ತು. ಹಾಕಲಿಲ್ಲ. ನನಗೊಂದು ಚಾಪ್ಪ ಸಿಕ್ಕಿತ್ತು. ಒಳಗೆ ಹೋಗಿ ಸಂಜೆಯ ತನಕ ಮೂಟೆ ಹೊತ್ತೆ. ಇದಕ್ಕೆ ನಾಚಿಕೆ ಪಡಬೇಕೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಸಂಜೆ ಹೊರಗೆ ಬಂದಾಗ ಅವನು ಗೋಡೆಗೆ ಒರಗಿ ಕೂತಿದ್ದ. ಆಸ್ಪತ್ರೆಗೆ ಹೋಗಿ ಬಂದಿದ್ದ. ಮೂರು ಬೆರಳಿಗೆ ಪಟ್ಟಿ. ನನ್ನನ್ನು ಕರೆದ. ನಾನು ನಿಂತೆ.

"ಇನಾಸ, ಆ ದಿನ ಬೀಡಿಯಲ್ಲಿ ಸುಟ್ಟದ್ದು, ನಿಂಗೆ ನೋವಾಗಿತ್ತಾ?"

"ನಿನ್ನ ಬೆರಳು ಮುರಿದ ಮೇಲೆ ನನ್ನ ಬೆನ್ನು ನೆನಪಾಯ್ತಾ?" ಎಂದೆ. "ಮುರೀದಿದ್ರೆ?"

ಅವನ ಬಾಯಿ ತೆರೆದೇ ಇತ್ತು. ಮುರಿದ ಹಲ್ಲಿನ ಜಾಗ ಕಾಣುತ್ತಿತ್ತು.

"ನಿನಗೆ ನೋವಾದಾಗ ಮಾತ್ರ ನಾನು ಮನುಷ್ಯ ಆಗೂದಾದ್ರೆ, ನಾಳೆ ಬೆರಳು ಗುಣ ಆದ ಮೇಲೆ ಮತ್ತೆ ಎಮ್ಮೆ ಆಗ್ತೇನೆ. ಹೋಗು."

ಅವನ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ನೋಡಿ ನನಗೆ ಸಿಟ್ಟು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಅವನು ಹಬ್ಬಿಸಿದ ಮಾತು ಮಾತ್ರ ಅಷ್ಟರೊಳಗೆ ಗೇಟಿನ ತುಂಬ ಓಡಾಡುತ್ತಿತ್ತು. ಕಾಪ್ಪಿರಿಗೆ ಸುಡುವುದಿಲ್ಲ. ಅದು ಮೂಪ್ಪನ ಕಿವಿಗೂ ಬಿದ್ದಿತ್ತು. ಕೆಲವು ದಿನಗಳ ಮೇಲೆ, ಒಂದು ದಿನ ಬಂದದ್ದು ಒಂದೇ ಹಡಗು, ಅದೂ ಸಣ್ಣದು. ಚಾಪ್ಪ ಎಸೆದು ಮುಗಿದ ಮೇಲೂ ಹೊಟ್ಟೆಗಿಲ್ಲದವರು ಹೋಗದೆ ನಿಂತಿದ್ದರು. ನಾನೂ ನಿಂತಿದ್ದೆ. ಬಿಸಿ ಏನನ್ನಾದರೂ ತಿಂದು ದಿನಗಳಾಗಿದ್ದವು. ಮೂಪ್ಪ ಚಹದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ, ತನ್ನ ಇಬ್ಬರು ರೌಡಿಗಳ ಜೊತೆ. ಅವನ ಕೈಯಲ್ಲಿ ಇನ್ನೊಂದು ಚಾಪ್ಪ ಉಳಿದಿತ್ತು. ಅದನ್ನು ಎಲ್ಲರಿಗೂ ತೋರಿಸಿ, ಅಂಗಡಿಯ ಒಲೆಯ ಕೆಂಡದೊಳಗೆ ಹಾಕಿದ.

"ಎಡಾ ಕಾಪ್ಪಿರಿ," ಎಂದ. ಅವನು ಆಡಿದ್ದು ಮಲಯಾಳ. ನನಗೆ ಆ ಹೊತ್ತಿಗೆ ಪೂರ್ತಿ ಅರ್ಥವಾಗುತ್ತಿತ್ತು. "ಅದು ನಿನ್ನದು. ಕೈ ಹಾಕಿ ತಗೋ."

ಜನ ನಕ್ಕರು. ಹಸಿದವರು ನಕ್ಕರು. ಬೆಳಿಗ್ಗೆ ನನ್ನ ಜೊತೆ ಮಣ್ಣು ತಿಂದವರು ನಕ್ಕರು.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ತಗೊಳ್ಳೂದಿಲ್ಲ," ಎಂದು ಅವನ ಭಾಷೆಯಲ್ಲೇ ಹೇಳಿದೆ. "ಕೆಂಡ ನನಗೂ ಸುಡ್ತದೆ. ನಿನ್ನ ಕೈ ಹಾಕು, ನೋಡುವಾ."

ನಗು ನಿಂತಿತು. ಮೂಪ್ಪ ಎಲೆಅಡಿಕೆ ಉಗಿದ. ಇಬ್ಬರು ರೌಡಿಗಳು ಎದ್ದು ಬಂದು ನನ್ನ ಎರಡು ತೋಳುಗಳನ್ನೂ ತಿರುಚಿ ಹಿಡಿದರು. ಇನ್ನೂ ಇಬ್ಬರು ಸೇರಿದರು. ಒಲೆಯ ಎದುರು ಮಂಡಿಯೂರಿಸಿದರು. ಕೆಂಡದ ಝಳಕ್ಕೆ ನನ್ನ ರೆಪ್ಪೆಗಳು ಮುರುಟಿದವು. ಕಾಲು ಝಾಡಿಸಿದೆ, ಒಬ್ಬನ ಕೈ ಕಚ್ಚಿ ಮಾಂಸ ಕಿತ್ತೆ. ಕುತ್ತಿಗೆಗೆ ಗುದ್ದು ಬಿತ್ತು.

ವಿಠಲ ಅಲ್ಲೇ ಇದ್ದ, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು. ಪಕ್ಕದಲ್ಲಿ ವೀರಭದ್ರ. ಮೂಪ್ಪ ವಿಠಲನನ್ನು ಕಂಡ.

"ಎಡಾ ವಿಠಲ, ನೀನೇ ಅಲ್ಲವೇ ಇವನನ್ನು ಸುಟ್ಟು ನೋಡಿದವನು? ಹೇಳು ಇವರಿಗೆ. ನೋವಾಯಿತೇ ಇವನಿಗೆ?" ಆಮೇಲೆ ಸ್ವರ ಇಳಿಸಿ, ಪ್ರೀತಿಯಿಂದೆಂಬಂತೆ, "ಆ ಕೈಯಲ್ಲಿ ನೀನು ಇನ್ನು ಚಾಪ್ಪ ಹೆಕ್ಕುವ ಹಾಗಿಲ್ಲ. ಒಂದು ಮಾತು ಹೇಳು. ದಿನಾ ನಿನ್ನ ಕೈಗೇ ಕೊಡುತ್ತೇನೆ," ಎಂದ.

ಎಲ್ಲರೂ ವಿಠಲನ ಕಡೆ ತಿರುಗಿದರು. ನಾನೂ ತಲೆ ಹೊರಳಿಸಿ ನೋಡಿದೆ. ಅವನ ಮನೆಯಲ್ಲಿ ಅಕ್ಕಿ ಇರಲಿಲ್ಲ, ನನಗೆ ಗೊತ್ತು. ಇಲ್ಲ ಎಂದರೆ ಸಾಕಿತ್ತು. ಅದುವರೆಗೆ ನೂರು ಸಲ ಅಂದ ಮಾತೇ ಅದು. ಅವನು ಸುಮ್ಮನೆ ನಿಂತ.

ಮೂಪ್ಪನಿಗೆ ತಾಳ್ಮೆ ತಪ್ಪಿತು. ಕಣ್ಣು ಸನ್ನೆ ಮಾಡಿದ. ನನ್ನ ಬಲಗೈಯನ್ನು ಕೆಂಡದೊಳಗೆ ಒತ್ತಿದರು.

ನಾನು ಎಷ್ಟು ಹೊತ್ತು ಕಿರುಚಿದೆನೋ ತಿಳಿಯದು. ಚರ್ಮ ಸುಟ್ಟ ವಾಸನೆ ಬಂತು. ಬಿಳಿಯ ಚರ್ಮವಾದರೂ ಅದೇ ವಾಸನೆ ಬರುತ್ತದೆ, ಬೇಕಾದವರು ನೋಡಬಹುದು.

"ಬಿಡಿ ಅವನನ್ನು! ಬಿಡಿ!" ವಿಠಲನ ಗಂಟಲು ಹರಿಯುತ್ತಿತ್ತು. ಕನ್ನಡದಲ್ಲೂ ಮಲಯಾಳದಲ್ಲೂ ಸೇರಿಸಿ ಕೂಗುತ್ತಿದ್ದ. "ಸುಡ್ತದೆ ಅವನಿಗೆ! ನಾನು ಸುಟ್ಟವ, ನಂಗೆ ಗೊತ್ತುಂಟು! ಬೀಡಿ ಒತ್ತಿದಾಗ ಅವನ ಮೈ ಇಡೀ ನಡುಗಿತು, ನನ್ನ ಈ ಕೈ ಅವನ ಹೆಗಲಮೇಲೆ ಇತ್ತು, ನಡುಗಿದ್ದು ನನ್ನ ಕೈಗೆ ಗೊತ್ತಾಯಿತು! ಗೊತ್ತಾಗಿಯೂ ಇಲ್ಲ ಅಂತ ಹೇಳಿದೆ! ನಾಯಿ ನಾನು!"

ಒಲೆಯ ಮೇಲೆ ಚಹದ ನೀರಿನ ದೊಡ್ಡ ಪಾತ್ರೆ ಕುದಿಯುತ್ತಿತ್ತು. ವಿಠಲ ಅದನ್ನು ಬರಿಗೈಯಲ್ಲಿ ಎತ್ತಿದ. ಒಂದು ಕಡೆ ಎಡಗೈ, ಇನ್ನೊಂದು ಕಡೆ ಮುರಿದ ಬೆರಳಿನ ಬಲಗೈ. ಎತ್ತಿ ಮೂಪ್ಪನ ಮುಖದ ಮೇಲೆ ಸುರಿದ.

ಆಮೇಲೆ ಎಲ್ಲ ಒಟ್ಟೊಟ್ಟಿಗೆ ಆಯಿತು. ಮೂಪ್ಪ ಉರುಳಾಡುತ್ತಾ ಬೊಬ್ಬೆ ಹಾಕುತ್ತಿದ್ದ. ರೌಡಿಗಳು ನನ್ನನ್ನು ಬಿಟ್ಟು ವಿಠಲನ ಮೇಲೆ ಬಿದ್ದರು. ಸೋಡಾ ಬಾಟಲಿ ಒಡೆಯಿತು. ಅವನ ತಲೆ ಒಡೆಯಿತು. ನಾನು ಎಡಗೈಯಲ್ಲಿ ಬೆಂಚು ಎತ್ತಿ ಬೀಸಿದೆ. ಒಬ್ಬನ ಮೊಣಕಾಲು ಚಿಪ್ಪು ಸಿಡಿಯಿತು. ಪೊಲೀಸರು ಬಂದರು. ಲಾಠಿಗಳು ಯಾರು ಏನು ಎಂದು ಕೇಳಲಿಲ್ಲ.

ಮಣ್ಣಿನಲ್ಲಿ ಸಾಲಾಗಿ ಕೂರಿಸಿದರು. "ನೀರು ಎರಚಿದ್ದು ಯಾರು?" ಎಂದ ಪೊಲೀಸಿನವನು. ಮೂಪ್ಪನ ಮುಖ ಊದಿ ಕಣ್ಣು ಮುಚ್ಚಿತ್ತು. ಆದರೂ ಬಾಯಿ ಮುಚ್ಚಿರಲಿಲ್ಲ. "ಕಾಪ್ಪಿರಿ," ಎಂದ. ರೌಡಿಗಳೂ "ಕಾಪ್ಪಿರಿ" ಎಂದರು. ಪೊಲೀಸಿನವನು ಸಾಲಿನ ಮೇಲೆ ಕಣ್ಣಾಡಿಸಿದ. ಕಾಪ್ಪಿರಿ ಯಾರು ಎಂದು ಅವನಿಗೆ ಯಾರೂ ತೋರಿಸಬೇಕಾಗಿರಲಿಲ್ಲ. ನೇರ ನನ್ನ ಹತ್ತಿರ ಬಂದು ಹೊಟ್ಟೆಗೆ ಒದ್ದ.

ನೂರು ಜನ ನೋಡಿದ್ದರು. ನೂರು ಜನವೂ ನೆಲ ನೋಡಿದರು. ವೀರಭದ್ರ ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡು ಕೂತ. ನಾನು ಆ ದಿನ ಲಾಕಪ್ಪಿಗೆ ಹೋದರೆ ಹೆಣವಾಗಿ ಬರುತ್ತೇನೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ವಿಠಲ ಎದ್ದು ನಿಂತ. ತಲೆಯ ರಕ್ತ ಹುಬ್ಬಿನಿಂದ ತೊಟ್ಟಿಕ್ಕುತ್ತಿತ್ತು.

"ನಾನು ಎರಚಿದ್ದು."

ಪೊಲೀಸಿನವನು ಕೇಳದವನ ಹಾಗೆ ನನಗೆ ಇನ್ನೊಮ್ಮೆ ಒದ್ದ.

"ಅಯ್ಯಾ, ನಾನು ಎರಚಿದ್ದು! ಅವನ ಎರಡು ಕೈಯೂ ಇವರು ಹಿಡಿದಿದ್ದರು. ಒಂದು ಕೈ ಒಲೆಯ ಒಳಗೆ ಇತ್ತು. ನನ್ನ ಕೈ ನೋಡಿ." ಎರಡೂ ಅಂಗೈ ಚಾಚಿದ. ಪಾತ್ರೆ ಹಿಡಿದಲ್ಲಿ ಚರ್ಮ ಸುಲಿದು ಜೋತಾಡುತ್ತಿತ್ತು. ಬಾಯಿ ಮುಚ್ಚು ಎಂದು ಅವನ ಬಾಯಿಗೆ ಲಾಠಿ ಬಿತ್ತು. ಬಿದ್ದ. ಬಿದ್ದಲ್ಲಿಂದ ಮತ್ತೆ ಅದನ್ನೇ ಹೇಳಿದ. ಠಾಣೆಯಲ್ಲೂ ಹೇಳಿದ. ಕೋರ್ಟಿನಲ್ಲೂ ಹೇಳಿದ. ಮೂಪ್ಪ ಮಾತ್ರ ಕೊನೆಯ ತನಕ ಕಾಪ್ಪಿರಿ ಎಂದೇ ಆಣೆ ಮಾಡಿದ.

ನನ್ನನ್ನು ಬಿಟ್ಟರು. ಅವನಿಗೆ ಶಿಕ್ಷೆಯಾಯಿತು. ತಿರುವನಂತಪುರದ ಜೈಲಿಗೆ ಕಳಿಸಿದರು.

ಅವನು ಒಳಗಿರುವಾಗಲೇ ಬಂದರಿನಲ್ಲಿ ಚಾಪ್ಪ ನಿಂತಿತು. ಕೆಲಸಗಾರರು ಬಹಳ ವರ್ಷ ಹೊಡೆದಾಡಿದ್ದರು, ಗುಂಡು ತಿಂದು ಸತ್ತಿದ್ದರು, ಕೊನೆಗೆ ಸರದಿಯ ಮೇಲೆ ಕೆಲಸ ಕೊಡುವುದು ಶುರುವಾಯಿತು. ನನ್ನ ಬಲಗೈ ಮುಷ್ಟಿ ಮುಚ್ಚುತ್ತಿರಲಿಲ್ಲ. ಆದರೂ ಸಾಲಿನಲ್ಲಿ ನಿಂತೆ. ನಿಂತು ನನ್ನ ಸರದಿ ಕೇಳಿದೆ. ತಲೆಯ ಮೇಲೆ ಹೊರುವ ಕೆಲಸ ಕೊಟ್ಟರು.

ಒಂದು ದಿನ ಸುಮಿತ್ರ ನಾನು ಮಲಗುವ ಜಾಗ ಹುಡುಕಿಕೊಂಡು ಬಂದಳು. ಗಂಡನನ್ನು ನೋಡಲು ತಿರುವನಂತಪುರಕ್ಕೆ ಹೋಗಬೇಕಂತೆ. ಒಬ್ಬಳಿಗೆ ದಾರಿ ತಿಳಿಯದಂತೆ. ವೀರಭದ್ರನನ್ನು ಕೇಳಿದ್ದಳು, ಅವನು ಪುರಸೊತ್ತಿಲ್ಲ ಎಂದಿದ್ದ.

"ನೀನು ಬರ್ತೀಯಾ ಇನಾಸ?"

"ಅವನ ಮೇಲೆ ನನಗೆ ಸಿಟ್ಟು ಹೋಗಲಿಲ್ಲ ಅಕ್ಕ," ಎಂದೆ.

"ಹೋಗುದು ಬೇಡ. ಬಾ."

ರೈಲಿನಲ್ಲಿ ಅವಳು ನನ್ನ ಎದುರು ಕೂತಿದ್ದಳು. ಪಕ್ಕದವರೊಬ್ಬರು ನನ್ನ ಮೈ ತಗುಲದ ಹಾಗೆ ಪಂಚೆ ಎತ್ತಿ ಸರಿದು ಕೂತರು. ಸುಮಿತ್ರ ಅದನ್ನು ನೋಡಿದಳು. ಅವಳ ಮುಖ ಕೆಂಪಾಯಿತು. ಎದ್ದು ಬಂದು ಆ ಜಾಗದಲ್ಲಿ, ನನ್ನ ಹತ್ತಿರ ಕೂತಳು. ಕೂತವಳು ಮೈ ಬಿಗಿಹಿಡಿದುಕೊಂಡಿದ್ದಳು, ನನಗೆ ಗೊತ್ತಾಗುತ್ತಿತ್ತು. ಆದರೆ ಏಳಲಿಲ್ಲ.

ಜೈಲಿನಲ್ಲಿ ಕಂಬಿಯ ಆಚೆ ವಿಠಲ ನಿಂತಿದ್ದ. ಬಡಕಲಾಗಿದ್ದ. ಮುಂದಿನ ಹಲ್ಲುಗಳೇ ಇರಲಿಲ್ಲ. ಸುಮಿತ್ರ ಅಳುತ್ತಿದ್ದಳು. ಅವನು ಅವಳಿಗೆ ಏನೋ ಸಮಾಧಾನ ಹೇಳಿ ನನ್ನ ಕಡೆ ತಿರುಗಿದ. ಕ್ಷಮಿಸು ಎನ್ನುತ್ತಾನೆ ಎಂದುಕೊಂಡೆ. ಅಂದಿದ್ದರೆ ಅಲ್ಲಿಂದ ಹೊರಟು ಬರುವವನಿದ್ದೆ.

"ಇಲ್ಲಿ ನನ್ನ ಪಕ್ಕ ಒಬ್ಬ ಮಲಗುದು," ಎಂದ. "ನಿನ್ನ ಹಾಗೇ ಕಪ್ಪು. ಕಕ್ಕಸು ಬಳಿಯುವ ಜಾತಿಯವ. ಮೊದಲ ದಿನ ಅವನ ಕೈ ನಂಗೆ ತಾಗಿತು. ನನ್ನ ಮೈ ಮುದುಡಿತು ಇನಾಸ. ಇಷ್ಟೆಲ್ಲ ಆದ ಮೇಲೂ ಮುದುಡಿತು. ತಲೆಗೆ ಗೊತ್ತಾದ್ದು ಚರ್ಮಕ್ಕೆ ಗೊತ್ತಾಗುದಿಲ್ಲ ಮಾರಾಯ."

"ಆಮೇಲೆ?"

"ಆಮೇಲೆ ಎಂತ? ಜಾಗ ಬದಲಿಸಿ ಕೊಡ್ತೇನೆ ಅಂತ ವಾರ್ಡರ್ ಹೇಳಿದ. ನಾನು ಬೇಡ ಅಂದೆ. ದಿನಾ ಅವನ ಬದಿಯಲ್ಲೇ ಮಲಗ್ತೇನೆ, ಅವನ ತಟ್ಟೆಯಲ್ಲೇ ಉಣ್ತೇನೆ. ಮೊದಲು ವಾಂತಿ ಬರ್ತಿತ್ತು. ಈಗ ಬರುದಿಲ್ಲ. ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳುದಿಲ್ಲ."

ನನಗೆ ಅಳು ಬಂತು, ಸಿಟ್ಟೂ ಬಂತು. ಅವನು ನನಗೆ ಹೇಳಿದ ಮೊದಲ ನಿಜವಾದ ಮಾತು ಅದು. ಕಂಬಿಯ ನಡುವೆ ಕೈ ಹಾಕಿ ಅವನ ಅಂಗಿ ಹಿಡಿದು ಜಗ್ಗಿದೆ. ಹೊಡೆಯಲೋ, ಹಿಡಿದುಕೊಳ್ಳಲೋ, ನನಗೇ ತಿಳಿಯಲಿಲ್ಲ. ಅವನು ಬಿಡಿಸಿಕೊಳ್ಳಲಿಲ್ಲ.

ಹೊರಗೆ ಬರುವಾಗ ಬಾಗಿಲ ಹತ್ತಿರದ ಮೇಜಿನಲ್ಲಿ ಒಬ್ಬ ಕೂತಿದ್ದ. ನೋಡಲು ಬಂದವರ ಹೆಸರು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅವನ ಕೆಲಸ. ಸುಮಿತ್ರಳ ಹೆಸರಿನ ಎದುರು ಹೆಂಡತಿ ಎಂದು ಬರೆದ. ನನ್ನನ್ನು ಮೇಲಿಂದ ಕೆಳಗೆ ನೋಡಿದ. ತುಟಿ ಕೊಂಕಿತು.

"ನೀನು ಅವನಿಗೆ ಏನಾಗಬೇಕು?"

"ಏನೂ ಅಲ್ಲ," ಎಂದೆ. "ಅವನು ನನ್ನನ್ನು ಸುಟ್ಟವನು. ನನ್ನ ಜೀವ ಉಳಿಸಲು ಜೈಲಿಗೆ ಬಂದವನು."

ಅವನು ಗಟ್ಟಿಯಾಗಿ ನಕ್ಕ. "ಇಷ್ಟೆಲ್ಲ ಬರೆಯಲು ಇಲ್ಲಿ ಜಾಗ ಇಲ್ಲ. ಸ್ನೇಹಿತ ಎಂದು ಹಾಕುತ್ತೇನೆ. ಒತ್ತು ಹೆಬ್ಬೆಟ್ಟು."

ನಾನು ಎರಡು ಕೈಗಳನ್ನೂ ಮೇಜಿನಿಂದ ಹಿಂದಕ್ಕೆ ತೆಗೆದುಕೊಂಡೆ. "ಸುಟ್ಟದ್ದೂ ಉಳಿಸಿದ್ದೂ ಎರಡೂ ಬರಿ," ಎಂದೆ. "ಒಂದು ಬಿಟ್ಟರೂ ನಾನು ಒತ್ತೂದಿಲ್ಲ."